ಚರಿತ್ರೆ ಗಟ್ಟಿಯಿದ್ದರೆ ಪ್ರೀತಿಯೂ ಗಟ್ಟಿ: ಕ್ರಿಶ್ಚಿಯನ್ ಐತಿಹಾಸಿಕ ಕಾದಂಬರಿಗಳನ್ನು ವರ್ಷಗಟ್ಟಲೆ ಓದಿದ ಮೇಲೆ

ಕ್ರಿಶ್ಚಿಯನ್ ಐತಿಹಾಸಿಕ ಕಾದಂಬರಿ, ಅದರಲ್ಲೂ ಪ್ರೀತಿಕಥೆ ಇರುವಂಥದ್ದು, ನಾನು ತುಂಬ ವರ್ಷಗಳಿಂದ ಬಿಡದೆ ಓದುತ್ತಿದ್ದೇನೆ. ಹೆಚ್ಚಿನವು ಅಮೆರಿಕದಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕಗಳು. ಬೆಥನಿ ಹೌಸ್, ರೆವೆಲ್, ಟಿಂಡೇಲ್ ಹೌಸ್ ಇವುಗಳಿಗೆ ಹೆಸರಾದ ಪ್ರಕಾಶಕರು. ಮಂಗಳೂರಿನಲ್ಲಿ ನಮ್ಮ ಸಭೆಯ ಹೆಂಗಸರಲ್ಲಿ ಇವನ್ನು ಓದುವವರು ಸುಮಾರು ಜನ ಇದ್ದಾರೆ. ಯಾವುದು ತೆಗೆದುಕೊಳ್ಳಲಿ, ಯಾವುದು ಬಿಡಲಿ ಅಂತ ಆರಾಧನೆ ಮುಗಿದ ಮೇಲೆ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಪುಸ್ತಕಗಳಲ್ಲಿ ಚರಿತ್ರೆ ಗಟ್ಟಿಯಾಗಿದ್ದರೆ ಪ್ರೀತಿಯೂ ಗಟ್ಟಿ, ಪ್ರಾರ್ಥನೆಯೂ ನಿಜ. ಚರಿತ್ರೆ ಬರೀ ಉದ್ದ ಲಂಗ, ಕುದುರೆಗಾಡಿ ಮಾತ್ರ ಆದರೆ ಪ್ರೀತಿ ಸಪ್ಪೆ, ಭಕ್ತಿ ಬರೀ ಉಪದೇಶ.

ಓದದವರಿಗಾಗಿ ಇವುಗಳ ರೀತಿನೀತಿ ಹೇಳುತ್ತೇನೆ. ಮಲಗುವ ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತದೆ. ಕೆಟ್ಟ ಬೈಗುಳ ಇರುವುದಿಲ್ಲ. ಹುಡುಗ ಹುಡುಗಿ ಇಬ್ಬರಲ್ಲಿ ಒಬ್ಬರಿಗಾದರೂ ದೇವರ ಜೊತೆ ಒಂದು ಜಗಳ ಇರುತ್ತದೆ. ಕೊನೆಗೆ ಮದುವೆ, ಅಥವಾ ಮದುವೆಯ ಮಾತು. ಅಮ್ಮನಿಗೂ ಕೊಡಬಹುದು, ಕಾಲೇಜಿಗೆ ಹೋಗುವ ಮಗಳಿಗೂ ಕೊಡಬಹುದು. ಇದು ನನಗೆ ಸಣ್ಣ ಸಂಗತಿ ಅಲ್ಲ. ಮನೆಯಲ್ಲಿ ಮೂರು ತಲೆಮಾರು ಒಂದೇ ಪುಸ್ತಕ ಓದಿ ಊಟದ ಹೊತ್ತಿಗೆ ಅದರ ಬಗ್ಗೆ ಮಾತಾಡುವುದು ಈಗ ಎಷ್ಟು ಮನೆಗಳಲ್ಲಿ ಸಾಧ್ಯ?

ಈ ಬಗೆಯ ಕಾದಂಬರಿಗೆ ಈಗಿರುವ ದಾರಿ ಹಾಕಿಕೊಟ್ಟವರಲ್ಲಿ ಕೆನಡಾದ ಜಾನೆಟ್ ಓಕ್ ಮುಖ್ಯರು. 1979ರ ‘ಲವ್ ಕಮ್ಸ್ ಸಾಫ್ಟ್ಲಿ’ಯಲ್ಲಿ ಪಶ್ಚಿಮದ ಬಯಲಿಗೆ ಹೊರಟ ಮಾರ್ಟಿ ದಾರಿಯಲ್ಲೇ ಗಂಡನನ್ನು ಕಳೆದುಕೊಳ್ಳುತ್ತಾಳೆ. ಹೊಟ್ಟೆಯಲ್ಲಿ ಮಗು. ಚಳಿಗಾಲ ಹತ್ತಿರ ಬಂದಿದೆ. ಹೆಂಡತಿ ತೀರಿಕೊಂಡ ಕ್ಲಾರ್ಕ್‌ಗೆ ತನ್ನ ಪುಟ್ಟ ಮಗಳನ್ನು ನೋಡಿಕೊಳ್ಳಲು ಒಬ್ಬರು ಬೇಕು. ಪ್ರೀತಿ ಇಲ್ಲದೆ, ಬದುಕುವ ಅನಿವಾರ್ಯಕ್ಕೆ ಇಬ್ಬರೂ ಮದುವೆಯಾಗುತ್ತಾರೆ. ಆಮೇಲೆ ಬಂದ ನೂರಾರು ಪುಸ್ತಕಗಳು ಇದೇ ಎಳೆಯನ್ನು ಹಿಡಿದಿವೆ. ಮೂಲದಲ್ಲಿ ಅದು ಕೆಲಸ ಮಾಡುವುದಕ್ಕೆ ಕಾರಣ ಆ ಚಳಿಗಾಲ. ಒಂಟಿ ಗರ್ಭಿಣಿಗೆ ಅಲ್ಲಿ ಬೇರೆ ದಾರಿಯೇ ಇರಲಿಲ್ಲ. ಆ ಅನಿವಾರ್ಯವನ್ನು ತೆಗೆದು ಬರೀ ಮದುವೆಯನ್ನು ಇಟ್ಟುಕೊಂಡ ಕಥೆಗಳನ್ನು ನಾನು ಅರ್ಧಕ್ಕೇ ಬಿಟ್ಟಿದ್ದೇನೆ.

ಈಚಿನವುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಾರಾ ಸುಂಡಿನ್ ಅವರ ‘ದಿ ಸೌಂಡ್ ಆಫ್ ಲೈಟ್’. 2023ರಲ್ಲಿ ಬಂತು. ಎರಡನೇ ಮಹಾಯುದ್ಧದ ಕಾಲ, ಜರ್ಮನರ ಕೈಯಲ್ಲಿದ್ದ ಡೆನ್ಮಾರ್ಕ್. ನಾಯಕ ಹೆನ್ರಿಕ್ ದೊಡ್ಡ ಮನೆತನದ ಬ್ಯಾರನ್, ಒಲಿಂಪಿಕ್ಸ್‌ನಲ್ಲಿ ದೋಣಿ ಹುಟ್ಟು ಹಾಕಿದವನು. ಹೆಸರು ಬದಲಿಸಿಕೊಂಡು, ಗಡ್ಡ ಬಿಟ್ಟು, ಹಡಗುಕಟ್ಟೆಯಲ್ಲಿ ಕೂಲಿಯಾಗಿ ಸೇರುತ್ತಾನೆ. ರಾತ್ರಿ ಹೊತ್ತು ಸ್ವೀಡನ್‌ಗೆ ಗುಟ್ಟಿನ ಸುದ್ದಿ ಸಾಗಿಸುತ್ತಾನೆ. ನಾಯಕಿ ಎಲ್ಸೆ ಭೌತವಿಜ್ಞಾನಿ, ಕೋಪನ್‌ಹೇಗನ್‌ನ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಕೆಲಸ.

ಇಲ್ಲಿ ಒಂದು ವಿಷಯ ಹತ್ತಿರದಿಂದ ನೋಡಿ. ಹೆನ್ರಿಕ್ ಬಾಯಿ ಬಿಟ್ಟರೆ ಅವನ ಓದು, ಮನೆತನ ಎಲ್ಲ ಗೊತ್ತಾಗಿಬಿಡುತ್ತದೆ. ಹಾಗಾಗಿ ಒಂದೆರಡು ಪದಕ್ಕಿಂತ ಜಾಸ್ತಿ ಮಾತಾಡುವುದಿಲ್ಲ. ಎಲ್ಸೆಯ ಎದುರೂ ಅಷ್ಟೇ. ಪ್ರೀತಿಕಥೆ ಅಂದರೆ ಮಾತು ತಾನೆ? ಇಲ್ಲಿ ಮಾತಿಗೇ ಬೀಗ. ಅವಳು ಅವನನ್ನು ಅವನ ಕೆಲಸದಿಂದ, ಕೇಳಿಸಿಕೊಳ್ಳುವ ರೀತಿಯಿಂದ ಅರಿಯಬೇಕು. ಆ ಬೀಗ ಹಾಕಿದ್ದು ಲೇಖಕಿ ಅಲ್ಲ, ಯುದ್ಧ. ಬೇರೆ ಕಾಲಕ್ಕೆ ಎತ್ತಿಟ್ಟರೆ ಈ ಕಥೆ ನಿಲ್ಲುವುದಿಲ್ಲ. ನಾನು ಒಳ್ಳೆಯ ಐತಿಹಾಸಿಕ ಪ್ರೀತಿಕಥೆ ಅನ್ನುವುದು ಇದಕ್ಕೇ.

ಅದರ ಹಿಂದಿನ ಚರಿತ್ರೆಯೂ ದೊಡ್ಡದು. 1943ರ ಅಕ್ಟೋಬರ್‌ನಲ್ಲಿ ಯೆಹೂದ್ಯರನ್ನು ಹಿಡಿಯುವ ಸುದ್ದಿ ಮೊದಲೇ ಹೊರಬಿತ್ತು. ಡೆನ್ಮಾರ್ಕಿನ ಜನ ಏಳು ಸಾವಿರಕ್ಕೂ ಹೆಚ್ಚು ಮಂದಿಯನ್ನು ಮೀನು ಹಿಡಿಯುವ ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದರು. ಅಕ್ಟೋಬರ್ 3ರ ಭಾನುವಾರ ಅಲ್ಲಿನ ಲುಥೆರನ್ ಚರ್ಚುಗಳಲ್ಲಿ ಇದನ್ನು ವಿರೋಧಿಸಿ ಬಿಷಪರ ಪತ್ರವನ್ನು ಓದಲಾಯಿತು. ಮಲ್ಪೆಯಲ್ಲೋ ಬೆಂಗರೆಯಲ್ಲೋ ದೋಣಿಯ ಒಳಗೆ ಮೀನು ತುಂಬುವ ಜಾಗ ನೋಡಿದವರಿಗೆ ಒಂದು ಅಂದಾಜು ಸಿಗುತ್ತದೆ. ಆ ಕತ್ತಲಿನಲ್ಲಿ, ಆ ವಾಸನೆಯಲ್ಲಿ, ಅಳುವ ಮಗುವನ್ನು ಸುಮ್ಮನಿರಿಸಿಕೊಂಡು ಕೂರುವುದು ಅಂದರೆ ಏನು ಅಂತ. ನಮ್ಮ ಕರಾವಳಿಯವರು ಇದನ್ನು ಓದಲೇಬೇಕು ಅನ್ನುವುದು ಅದಕ್ಕೆ.

ಸುಂಡಿನ್ ಅವರದೇ ‘ಅಂಟಿಲ್ ಲೀವ್ಸ್ ಫಾಲ್ ಇನ್ ಪ್ಯಾರಿಸ್’ 2022ರದ್ದು. ಅದೂ ಚೆನ್ನಾಗಿದೆ. ಯೆಹೂದ್ಯ ಗೆಳೆಯರು ತಪ್ಪಿಸಿಕೊಂಡು ಹೋಗಲಿ ಅಂತ ಲೂಸಿ ಅವರ ಪುಸ್ತಕದಂಗಡಿಯನ್ನು ತಾನೇ ಕೊಂಡುಕೊಳ್ಳುತ್ತಾಳೆ. ಪಾಲ್ ಜರ್ಮನರಿಗೆ ಸಾಮಾನು ಮಾಡಿಕೊಡುವ ಕಾರ್ಖಾನೆಯ ಧಣಿ. ಊರೆಲ್ಲ ಅವನನ್ನು ದ್ರೋಹಿ ಅನ್ನುತ್ತದೆ. ಒಳಗೊಳಗೆ ಅವನು ಮಾಡುತ್ತಿರುವುದು ಬೇರೆ, ಆದರೆ ಹೇಳುವ ಹಾಗಿಲ್ಲ. ಮೊದಲ ಭಾಗ ಸ್ವಲ್ಪ ನಿಧಾನ. ತಾಳ್ಮೆ ಇಟ್ಟುಕೊಳ್ಳಿ.

ಲಿನ್ ಆಸ್ಟಿನ್ ಅವರ ‘ಚೇಸಿಂಗ್ ಶ್ಯಾಡೋಸ್’ (2021) ಓದಿದ ಮೇಲೆ ಕೆಲವು ದಿನ ಬೇರೆ ಪುಸ್ತಕ ಮುಟ್ಟಲು ಮನಸ್ಸು ಬರಲಿಲ್ಲ. ಹಾಲೆಂಡಿನ ರೈತ ಹೆಂಗಸು ಲೀನಾ, ಮನೆ ಬಿಟ್ಟು ಪಟ್ಟಣಕ್ಕೆ ಹೋದ ಅವಳ ಮಗಳು ಆನ್ಸ್, ಜರ್ಮನಿಯಿಂದ ಓಡಿ ಬಂದ ಯೆಹೂದ್ಯ ಹುಡುಗಿ ಮಿರಿಯಮ್. ಪ್ರೀತಿ ಇದೆ, ಆದರೆ ಕಥೆಯ ಭಾರ ಹೊರುವವಳು ತಾಯಿ. 1944ರ ಚಳಿಗಾಲದಲ್ಲಿ ಹಾಲೆಂಡಿನ ಪಟ್ಟಣಗಳ ಜನ ಟುಲಿಪ್ ಗೆಡ್ಡೆ ತಿಂದು ಬದುಕಿದರು. ಊಟಕ್ಕಾಗಿ ಹಳ್ಳಿಗಳಿಗೆ ನಡೆದೇ ಬಂದರು. ಸಾವಿರಾರು ಜನ ಹಸಿವಿನಿಂದ ಸತ್ತರು. ಬಾಗಿಲಿಗೆ ಬಂದವರಿಗೆ ಎಷ್ಟು ಕೊಡುವುದು, ಮನೆಯವರಿಗೆ ಎಷ್ಟು ಉಳಿಸುವುದು? ಮಕ್ಕಳ ಜೀವ ಪಣಕ್ಕಿಟ್ಟು ಬೇರೆಯವರ ಮಕ್ಕಳನ್ನು ಉಳಿಸಬೇಕಾ? ಲೀನಾಳ ಪ್ರಾರ್ಥನೆ ಇಂಥ ಪ್ರಶ್ನೆಗಳ ನಡುವೆ ಬರುತ್ತದೆ. ಉತ್ತರ ತಕ್ಷಣ ಬರುವುದಿಲ್ಲ. ಪ್ರಾರ್ಥನೆ ಮಾಡಿದ ಮರುಪುಟದಲ್ಲೇ ಕಷ್ಟ ಬಗೆಹರಿಯುವ ಕಾದಂಬರಿಗಳ ನಡುವೆ ಇದು ಬೇರೆಯೇ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡು, ದಿನಾ ಮೊಣಕಾಲೂರಿ, ಏನೂ ಬದಲಾಗದ್ದನ್ನು ಕಂಡವರಿಗೆ ಈ ಪುಸ್ತಕ ಸುಳ್ಳು ಹೇಳುವುದಿಲ್ಲ.

ಫ್ರಾನ್ಸಿನ್ ರಿವರ್ಸ್ ಹೆಸರು ಎಲ್ಲರಿಗೂ ಗೊತ್ತು. ‘ರಿಡೀಮಿಂಗ್ ಲವ್’ 1991ರದ್ದು, ದಾರಿ ತಪ್ಪಿದ ಹೆಂಡತಿಯನ್ನು ಮತ್ತೆ ಕರೆತಂದ ಬೈಬಲಿನ ಪ್ರವಾದಿ ಹೋಶೇಯನ ಕಥೆಯನ್ನು ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯ ಕಾಲಕ್ಕೆ ತಂದದ್ದು. ವೇಶ್ಯೆಯಾಗಿದ್ದ ಏಂಜೆಲ್‌ಳನ್ನು ಮದುವೆಯಾದ ಮೈಕೆಲ್‌ನ ತಾಳ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹಿಡಿಸಿದ್ದು ಏಂಜೆಲ್ ಅವನನ್ನು ಬಿಟ್ಟು ಹೋಗಿ, ತನ್ನಂಥ ಹೆಣ್ಣುಗಳಿಗೆ ನೆರಳಾಗುವ ಭಾಗ. ಅಲ್ಲಿ ಅವಳು ಬೇರೆಯವರು ಕಾಪಾಡಬೇಕಾದ ಹೆಣ್ಣಾಗಿ ಉಳಿಯುವುದಿಲ್ಲ. ಅವರ 2022ರ ‘ದಿ ಲೇಡೀಸ್ ಮೈನ್’ ಹಗುರ, ನಗು ತರಿಸುತ್ತದೆ. 1875ರ ಗಣಿ ಊರಿಗೆ ಬಂದ ಕ್ಯಾಥರಿನ್ ಪತ್ರಿಕೆ ನಡೆಸುತ್ತಾಳೆ, ಹೆಂಗಸರ ಮತದ ಹಕ್ಕಿಗೆ ಜಗಳಾಡುತ್ತಾಳೆ. ಕ್ಯಾಲಿಫೋರ್ನಿಯಾದಲ್ಲಿ ಆ ಹಕ್ಕು ಸಿಕ್ಕಿದ್ದು 1911ರಲ್ಲಿ. ಅಷ್ಟು ಉದ್ದದ ಕಾಯುವಿಕೆಯ ಭಾರ ಅವಳ ಮಾತಿನಲ್ಲಿ ನನಗೆ ಕೇಳಲಿಲ್ಲ. ಈಗಿನ ಹುಡುಗಿಯ ಹಾಗೇ ಮಾತಾಡುತ್ತಾಳೆ. ರಜೆಯಲ್ಲಿ ಓದಲು ಅಡ್ಡಿಯಿಲ್ಲ.

ಇನ್ನು ನನಗೆ ಸಿಟ್ಟು ಬರಿಸುವ ವಿಷಯ. ಅಮೆರಿಕದ ದಕ್ಷಿಣದ ತೋಟಗಳಲ್ಲಿ ನಡೆಯುವ ಪ್ರೀತಿಕಥೆಗಳು ಒಂದು ಕಾಲಕ್ಕೆ ರಾಶಿ ಬಂದವು, ಈಗಲೂ ಅಲ್ಲೊಂದು ಇಲ್ಲೊಂದು ಬರುತ್ತವೆ. ದೊಡ್ಡ ಬಿಳಿ ಮನೆ, ಕಂಬದ ಜಗಲಿ, ನಾಯಕಿಗೆ ಬುದ್ಧಿ ಹೇಳುವ ಭಕ್ತೆ ಗುಲಾಮ ಹೆಂಗಸು. ಆ ಹೆಂಗಸಿನ ಮಕ್ಕಳನ್ನು ಯಾರು ಮಾರಿದರು? ಅವಳು ಯಾರನ್ನು ಪ್ರೀತಿಸಿದ್ದಳು? ಪುಸ್ತಕ ಕೇಳುವುದೇ ಇಲ್ಲ. ಅವಳ ಬೈಬಲನ್ನು ತೆಗೆದುಕೊಂಡು ಅವಳ ಕಥೆಯನ್ನು ಬಿಟ್ಟುಬಿಟ್ಟರೆ ಅದು ಕ್ರಿಸ್ತನ ಹೆಸರಿನಲ್ಲಿ ಬರೆಯುವ ಪುಸ್ತಕ ಅಲ್ಲ. ಭಾರತದಲ್ಲಿ ನಡೆಯುವ ಕೆಲವು ಕಥೆಗಳದ್ದೂ ಇದೇ ಹಾಡು. ಆಯಾ ಬರುತ್ತಾಳೆ, ಟೀ ಇಡುತ್ತಾಳೆ, ಹೋಗುತ್ತಾಳೆ. ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ ಹುಡುಗನ ಮನೆಯಲ್ಲಿ ಆ ರಾತ್ರಿ ಏನಾಯಿತು ಅಂತ ಒಂದು ಸಾಲೂ ಇರುವುದಿಲ್ಲ.

ಇದು ನನಗೆ ಇಷ್ಟು ನೋಯುವುದಕ್ಕೆ ಕಾರಣ ಬಲ್ಮಠ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ ನೆಲೆಯೂರಿದ ಜಾಗ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಈ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1843ರ ‘ಮಂಗಳೂರ ಸಮಾಚಾರ’, ಕಿಟೆಲ್ ನಿಘಂಟು, 1865ರ ಜೆಪ್ಪಿನ ಹೆಂಚಿನ ಕಾರ್ಖಾನೆ, ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ಅವರ ಮದುವೆಗಳ ಬಗ್ಗೆ ಎಷ್ಟು ಜನಕ್ಕೆ ಗೊತ್ತು? ಮಿಷನರಿ ಸಾಮಾನ್ಯವಾಗಿ ಒಂಟಿಯಾಗಿ ಬರುತ್ತಿದ್ದ. ಮದುವೆಗೆ ಬಾಸೆಲ್ಲಿನ ಸಮಿತಿಯ ಒಪ್ಪಿಗೆ ಬೇಕಿತ್ತು, ಅದಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು. ಹೆಣ್ಣನ್ನು ಎಷ್ಟೋ ಸಲ ಅಲ್ಲಿಂದಲೇ ನೋಡಿ ಕಳಿಸುತ್ತಿದ್ದರು. ಗಂಡಿನ ಮುಖ ಸರಿಯಾಗಿ ನೋಡದ ಹುಡುಗಿ ಹಡಗು ಹತ್ತುತ್ತಿದ್ದಳು. ಅಮೆರಿಕದ ಬಯಲಿನ ಕಾದಂಬರಿಗಳು ಕಲ್ಪಿಸಿಕೊಂಡು ಬರೆಯುವ ಮದುವೆ ನಮ್ಮ ಊರಿನಲ್ಲಿ ನಿಜವಾಗಿ ನಡೆದಿದೆ! ‘ಮಂಗಳೂರ ಸಮಾಚಾರ’ ತಂದ ಮಿಷನರಿ ಮೊಗ್ಲಿಂಗ್ ಅವರದ್ದನ್ನೇ ನೋಡಿ. ತಮ್ಮ ಬಂಧುವೂ ಜೊತೆಗಾರರೂ ಆಗಿದ್ದ ವೈಗ್ಲೆ ತೀರಿಕೊಂಡ ಮೇಲೆ ಅವರ ಹೆಂಡತಿ ಪೌಲಿನಾರನ್ನು ಮದುವೆಯಾದರು. ಆ ಮನೆಯಲ್ಲಿ ದುಃಖಕ್ಕೂ ಪ್ರೀತಿಗೂ ಒಟ್ಟಿಗೇ ಜಾಗ ಮಾಡಬೇಕಾಗಿತ್ತು.

ಆನಂದರಾವ್ ಕೌಂಡಿನ್ಯರ ಬದುಕಂತೂ ಇಡೀ ಒಂದು ಕಾದಂಬರಿ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ, 1844ರಲ್ಲಿ ದೀಕ್ಷಾಸ್ನಾನ. ಮೊದಲ ಹೆಂಡತಿ ಜೊತೆಗೆ ಬರಲಿಲ್ಲ. ಬಾಸೆಲ್‌ಗೆ ಹೋಗಿ ಓದಿ ಮಿಷನರಿಯಾಗಿ ಊರಿಗೆ ಮರಳಿದರು. ಮುಂದೆ ಜರ್ಮನಿಯ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ನನ್ನ ಮನಸ್ಸು ಹೋಗುವುದು ಆ ಮೊದಲ ಹೆಂಡತಿಯ ಕಡೆ. ಗಂಡ ಬದುಕಿದ್ದಾನೆ, ಅದೇ ಊರಿನಲ್ಲಿ ಇದ್ದಾನೆ, ಆದರೆ ಹೋಗುವ ಹಾಗಿಲ್ಲ. ಅವಳ ಕಣ್ಣಿನಿಂದ ಒಂದು ಕಾದಂಬರಿ ಬರಬೇಕು. ಯಾರ ಭಕ್ತಿ ದೊಡ್ಡದು ಅಂತ ತೀರ್ಪು ಕೊಡದೆ, ಇಬ್ಬರ ನೋವನ್ನೂ ಹಿಡಿಯುವಂಥದ್ದು. ಕೊಂಕಣಿಯಲ್ಲಿ ವಿ.ಜೆ.ಪಿ. ಸಲ್ಡಾನ್ಹಾ ಇಂಥ ಕೆಲಸ ಮಾಡಿದ್ದಾರೆ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಕಾಲವನ್ನು ಕಾದಂಬರಿಗಳಾಗಿ ಬರೆದರು, ಅದೂ ಕನ್ನಡ ಲಿಪಿಯಲ್ಲಿ. ನಮ್ಮ ಪ್ರೊಟೆಸ್ಟೆಂಟ್ ಕಡೆಯಿಂದ, ಕನ್ನಡದಲ್ಲಿ, ಅಷ್ಟು ದೊಡ್ಡ ಪ್ರಯತ್ನ ಬರಲಿ ಅಂತ ನಾನು ನಿಜಕ್ಕೂ ಹಾರೈಸುತ್ತೇನೆ. ಬೇಕಾದ ಹಳೆಯ ಕಾಗದಪತ್ರಗಳು ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲೇ ಇವೆ.

ಕೊಳ್ಳುವ ವಿಚಾರಕ್ಕೆ ಬರೋಣ. ಮಂಗಳೂರಿನ ಹಂಪನಕಟ್ಟೆಯ ಸುತ್ತಮುತ್ತ ಬೈಬಲ್, ಧ್ಯಾನದ ಪುಸ್ತಕ ಧಾರಾಳ ಸಿಗುತ್ತವೆ, ಈ ಕಾದಂಬರಿಗಳು ಅಪರೂಪ. ಅಚ್ಚಿನ ಪ್ರತಿ ಹೊರದೇಶದಿಂದ ಬರಬೇಕು, ಬೆಲೆ ಜಾಸ್ತಿ. ನಮ್ಮ ಮಳೆಗಾಲಕ್ಕೆ ಕಪಾಟಿನಲ್ಲೇ ಬೂಸ್ಟು ಹಿಡಿಯುತ್ತದೆ. ನಾನು ಹೆಚ್ಚಾಗಿ ಕಿಂಡಲ್‌ನಲ್ಲೇ ಓದುತ್ತೇನೆ. ಅಕ್ಷರ ದೊಡ್ಡದು ಮಾಡಬಹುದು, ಕರೆಂಟು ಹೋದರೂ ಓದಬಹುದು. ಸರಣಿಯ ಮೊದಲ ಪುಸ್ತಕ ಆಗಾಗ ಅಗ್ಗಕ್ಕೆ ಬರುತ್ತದೆ, ಆಗ ತೆಗೆದಿಡಿ. ಮುಖಪುಟ ನೋಡಿ ಮಾತ್ರ ಕೊಳ್ಳಬೇಡಿ. ಬೆನ್ನು ತಿರುಗಿಸಿ ನಿಂತ ಕೋಟಿನ ಹುಡುಗಿ, ಹಿಂದೆ ಯುದ್ಧವಿಮಾನ, ಎಲ್ಲವೂ ಒಂದೇ ಥರ ಇರುತ್ತವೆ. ಸ್ಯಾಂಪಲ್ ಇಳಿಸಿಕೊಂಡು ಮೊದಲ ಅಧ್ಯಾಯ ಓದಿ. ಆ ಕಾಲದ ಜನ ಏನು ಮಾಡಲು ಆಗುತ್ತಿರಲಿಲ್ಲ ಅನ್ನುವುದು ಅಷ್ಟರಲ್ಲೇ ಕಾಣಿಸಿದರೆ ಕೊಳ್ಳಿ. ಲೇಖಕರ ಟಿಪ್ಪಣಿ ಇದ್ದರೆ ಕಥೆ ಮುಗಿದ ಮೇಲೆ ತಪ್ಪದೆ ಓದಿ. ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಅಂತ ಅಲ್ಲಿ ಗೊತ್ತಾಗುತ್ತದೆ.

ಹೊಸದಾಗಿ ಶುರು ಮಾಡುವವರು ‘ದಿ ಸೌಂಡ್ ಆಫ್ ಲೈಟ್’ ಹಿಡಿಯಿರಿ. ಅದು ಹಿಡಿಸಿದರೆ ಪ್ಯಾರಿಸ್ಸಿನ ಕಥೆ. ‘ಚೇಸಿಂಗ್ ಶ್ಯಾಡೋಸ್’ ಮನಸ್ಸು ಗಟ್ಟಿ ಇರುವಾಗ ಓದಿ. ಓದಿದವರು ಯಾರಾದರೂ ಸಿಕ್ಕಿದರೆ ಲೀನಾ ಮಾಡಿದ್ದು ಸರಿಯಾ ಅಂತ ಕೇಳಿ. ನಮ್ಮ ಮನೆಯಲ್ಲಿ ಅಮ್ಮನಿಗೂ ನನಗೂ ಅದರ ಬಗ್ಗೆ ಇನ್ನೂ ಒಮ್ಮತ ಆಗಿಲ್ಲ.