ಹೋಗೆವೈಕ್: ನಕಲು ಮಾಡಬೇಕಾದ್ದು ಅಲ್ಲಿನ ಅಡುಗೆಮನೆಯನ್ನು

ಮರೆವಿನ ಕಾಯಿಲೆಯವರಿಗೆ (ಡಿಮೆನ್ಷಿಯಾ ಇರುವವರಿಗೆ) ವಸತಿ ಆರೈಕೆ ಕೇಂದ್ರ ಕಟ್ಟಬೇಕೆಂದು ಹೊರಟವರೆಲ್ಲ ಮೊದಲು ನೋಡುವುದು ನೆದರ್ಲೆಂಡ್ಸ್‌ನ ವೇಸ್ಪ್‌ನಲ್ಲಿ ಇಂಥವರಿಗಾಗಿಯೇ ಕಟ್ಟಿದ ಹೋಗೆವೈಕ್ ಹಳ್ಳಿಯ ಫೋಟೊಗಳನ್ನು. ಕಾರಂಜಿ, ಪಬ್, ಥಿಯೇಟರ್, ದುಡ್ಡು ಕೊಡದೆ ಸಾಮಾನು ತರುವ ಸೂಪರ್‌ಮಾರ್ಕೆಟ್. 2009ರಲ್ಲಿ ಪೂರ್ತಿಯಾದ ಈ ಹಳ್ಳಿಯಲ್ಲಿ ಆಗ 23 ಮನೆಗಳು, 152 ನಿವಾಸಿಗಳು. ಆಮೇಲೆ ಮನೆಗಳು 27ಕ್ಕೆ ಏರಿದವು.

ಬೀದಿ ಚೆನ್ನಾಗಿದೆ, ಒಪ್ಪಿದೆವು. ಆದರೆ ಆರೈಕೆ ನಡೆಯುವುದು ಆರೇಳು ಜನ ಒಟ್ಟಿಗಿರುವ ಮನೆಯಲ್ಲಿ. ಅಡುಗೆ ಅಲ್ಲೇ, ಬಟ್ಟೆ ಒಗೆಯುವುದೂ ಅಲ್ಲೇ. ಸಿಬ್ಬಂದಿಗೆ ಯೂನಿಫಾರ್ಮ್ ಇಲ್ಲ. ಊಟದ ಹೊತ್ತಾಯಿತೆಂದು ಹೇಳಬೇಕಾದ್ದು ಗಡಿಯಾರವಲ್ಲ, ಒಗ್ಗರಣೆ ವಾಸನೆ. ನೆನಪು ಹೋದವರಲ್ಲೂ ಹಲವರಿಗೆ ಅದು ಗೊತ್ತಾಗುತ್ತದೆ, ಹಸಿವೂ ಕೆರಳುತ್ತದೆ. ಕೇಂದ್ರ ಅಡುಗೆಮನೆಯಿಂದ ಸ್ಟೀಲ್ ಕ್ಯಾರಿಯರ್‌ನಲ್ಲಿ ಊಟ ಬಂದರೆ ಈ ಲಾಭ ಪೂರ್ತಿ ಹೋಯಿತು.

ವಿನ್ಯಾಸದಲ್ಲಿ ಜಾಣತನ ಕಾಣುವುದು ಗೋಡೆಯಲ್ಲಿ. ಪ್ರತ್ಯೇಕ ಕಾಂಪೌಂಡ್ ಇಲ್ಲ, ಮನೆಗಳ ಹೊರಗೋಡೆಯೇ ಕಾಂಪೌಂಡ್. ಒಳಗೆ ಎಲ್ಲಿ ಬೇಕಾದರೂ ಅಡ್ಡಾಡಬಹುದು, ಹೊರಗೆ ಹೋಗಲು ಒಂದೇ ಬಾಗಿಲು, ಅಲ್ಲಿ ಯಾವಾಗಲೂ ಜನ ಇರುತ್ತಾರೆ. ಬೀಗ ಜಗ್ಗುತ್ತ ನಿಲ್ಲುವ ಪ್ರಸಂಗವೇ ಅಪರೂಪ. ನಮ್ಮಲ್ಲಿ ಇದನ್ನು ಕಟ್ಟುವಾಗ ಎಡವುವುದು ಸಣ್ಣ ಸಂಗತಿಗಳಲ್ಲಿ. ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮೇಲೆ ಬೆಳಕು ಬಿದ್ದರೆ ಕಾಯಿಲೆಯವರಿಗೆ ನೀರು ನಿಂತಂತೆ ಕಾಣುತ್ತದೆ. ಬಾಗಿಲ ಮುಂದಿನ ಕಪ್ಪು ಕಾಲೊರಸು ಗುಂಡಿಯಂತೆ ಕಾಣುತ್ತದೆ, ದಾಟಲು ಕಾಲು ಎತ್ತಿ ಬೀಳುತ್ತಾರೆ. ನೆಲಕ್ಕೆ ಹೊಳಪಿಲ್ಲದ ಮ್ಯಾಟ್ ಫಿನಿಶ್, ಒಂದೇ ಬಣ್ಣ ಇರಲಿ. ಬಿಳಿ ಗೋಡೆಗೆ ಬಿಳಿ ಕಮೋಡ್ ಹಾಕಿದರೆ ಅದು ಕಣ್ಣಿಗೇ ಬೀಳುವುದಿಲ್ಲ. ಸೀಟಿಗೆ ಗಾಢ ಬಣ್ಣ ಬೇಕು, ಹಾಸಿಗೆಯಿಂದಲೇ ಅದು ಕಾಣಬೇಕು. ಸ್ಟೋರ್ ರೂಮಿನ ಬಾಗಿಲಿಗೆ ಮಾತ್ರ ಗೋಡೆಯ ಬಣ್ಣವನ್ನೇ ಬಳಿಯಿರಿ, ಅದು ಕಣ್ಣಿಗೆ ಬೀಳದಿರಲಿ. ಕಾರಿಡಾರ್ ಬೀಗ ಹಾಕಿದ ಬಾಗಿಲಲ್ಲಿ ಕೊನೆಯಾಗದೆ ಸುತ್ತಿ ಹಜಾರಕ್ಕೇ ಬರಬೇಕು.

ಹೋಗೆವೈಕ್‌ನಲ್ಲಿ ಒಂದೇ ಬಗೆಯ ಜೀವನಶೈಲಿಯವರನ್ನು ಒಂದೇ ಮನೆಯಲ್ಲಿ ಇರಿಸುತ್ತಾರೆ. ಈ ಪದ್ಧತಿಗೆ ನಮ್ಮ ಅಂಕ ಸ್ವಲ್ಪ ಕಡಿಮೆ. ಶುರುವಿನಲ್ಲಿ ಏಳು ಬಗೆ ಇದ್ದವು, ಈಗ ನಾಲ್ಕು. ಬಗೆ ಹೆಚ್ಚಿದಷ್ಟೂ ತಕ್ಕ ಮನೆಯಲ್ಲಿ ಜಾಗ ಖಾಲಿಯಾಗುವವರೆಗೆ ಕಾಯುವ ಪಾಡು. ಕರ್ನಾಟಕದಲ್ಲಿ ಎರಡನ್ನು ನೋಡಿದರೆ ಸಾಕು, ಮಾತು ಮತ್ತು ಊಟ. ಜೋಳದ ರೊಟ್ಟಿಯವರಿಗೆ ದಿನಾ ಮುದ್ದೆ ಇಟ್ಟು, ತಟ್ಟೆ ತಳ್ಳಿದರೆಂದು ರೋಗವನ್ನು ದೂರುವುದು ಬೇಡ.

ಇನ್ನು ದುಡ್ಡು. ಹೋಗೆವೈಕ್ ಕಟ್ಟಲು ತಗುಲಿದ್ದು 1.93 ಕೋಟಿ ಯೂರೊ. ಅದರಲ್ಲಿ 1.78 ಕೋಟಿ ಸರ್ಕಾರದ್ದು, ಉಳಿದದ್ದು ನಿಧಿಗಳು, ಪ್ರಾಯೋಜಕರದ್ದು. ಕಟ್ಟಿದ ಮೇಲಿನ ಖರ್ಚನ್ನು ದೇಶದ ದೀರ್ಘಕಾಲಿಕ ಆರೈಕೆ ವಿಮೆ ಹೊರುತ್ತದೆ, ನಿವಾಸಿ ತನ್ನ ಆದಾಯಕ್ಕೆ ತಕ್ಕ ಪಾಲು ಕೊಡುತ್ತಾರೆ. ಫೋಟೊದಲ್ಲಿ ಕಾಣದ ಈ ಆಧಾರ ನಮ್ಮಲ್ಲಿಲ್ಲ. 70 ದಾಟಿದವರ ಆಯುಷ್ಮಾನ್ ಕಾರ್ಡ್ ಆಸ್ಪತ್ರೆ ದಾಖಲಾತಿಗೆ ಮಾತ್ರ.

ಹಾಗಾಗಿ ಲೆಕ್ಕ ಸಂಬಳದಿಂದ ಶುರುವಾಗಬೇಕು. ಏಳು ಜನರ ಮನೆಗೆ ಬೆಳಗಿನ 7ರಿಂದ ರಾತ್ರಿ 9ರವರೆಗೆ ಇಬ್ಬರು, ರಾತ್ರಿಗೆ ಒಬ್ಬರು ಅಂದರೆ ವಾರಕ್ಕೆ 266 ಗಂಟೆ. ಒಬ್ಬರಿಗೆ 48 ಗಂಟೆಯಂತೆ ಐದೂವರೆ ಜನ. ರಜೆ, ಕಾಯಿಲೆ ಸೇರಿಸಿದರೆ ಏಳು. ನಿವಾಸಿಗಳೆಷ್ಟೋ ಸಿಬ್ಬಂದಿಯೂ ಅಷ್ಟೇ! ಸಿಎಸ್‌ಆರ್ (ಸಾಮಾಜಿಕ ಹೊಣೆಯ ನಿಧಿ) ಕೊಡುವ ಕಂಪನಿಗಳಿಗೆ ಹೆಸರು ಕೆತ್ತಿದ ಕಟ್ಟಡ ಇಷ್ಟ, ಆಯಾಗಳ ಸಂಬಳ ಅಷ್ಟಾಗಿ ಇಷ್ಟವಿಲ್ಲ. ಬಾಗಿಲು ತೆರೆಯುವ ಮುಂಚೆ ಒಂದು ವರ್ಷದ ಸಂಬಳ ಬ್ಯಾಂಕಿನಲ್ಲಿ ಬೇರೆಯಾಗಿ ಇಡಿ, ಹಾಸಿಗೆಗಳು ತುಂಬಲು ಸಮಯ ಹಿಡಿಯುತ್ತದೆ.

ಕೇಂದ್ರ ಸರ್ಕಾರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ಡಿಮೆನ್ಷಿಯಾ ಇರುವ ಹಿರಿಯರ ಮನೆಗಳಿಗೆ ಅನುದಾನವಿದೆ, ಆದರೆ ಕನಿಷ್ಠ 20 ಹಿರಿಯರು ಇರಬೇಕು. ಹಾಗೆಂದು 20 ಮಂಚದ ಒಂದು ವಾರ್ಡ್ ಕಟ್ಟಬೇಡಿ. ಒಂದೇ ಅಂಗಳಕ್ಕೆ ತೆರೆಯುವ ಏಳೇಳು ಜನರ ಮೂರು ಮನೆ ಮಾಡಿದರೆ 21 ಆಗುತ್ತದೆ, ಮೂರಕ್ಕೂ ಮೂರು ಅಡುಗೆಮನೆ ಉಳಿಯುತ್ತದೆ.