ಗರ್ಭಕೋಶದ ಬಾಯಿ ಸಡಿಲವಾದಾಗ: ಹೊಲಿಗೆಯೋ, ಪ್ರೊಜೆಸ್ಟೆರಾನೋ?

ನಾಲ್ಕೈದು ತಿಂಗಳಲ್ಲಿ ನೋವೇ ಇಲ್ಲದೆ ಗರ್ಭ ಜಾರಿಹೋಗುವುದು ಮತ್ತೆ ಮತ್ತೆ ಆಗಿದ್ದರೆ ಗರ್ಭಕೋಶದ ಬಾಯಿ ಮುಚ್ಚಿರಲೆಂದು ಹಾಕುವ ಹೊಲಿಗೆಯ ಕಡೆಗೇ ನನ್ನ ಒಲವು. 12ರಿಂದ 14 ವಾರದ ಹೊತ್ತಿಗೆ ಹಾಕಿ, 36-37 ವಾರಕ್ಕೆ ಬಿಚ್ಚುತ್ತಾರೆ. ಅರಿವಳಿಕೆ ಬೇಕು; ಸೋಂಕಿನ, ನೀರು ಒಡೆಯುವ ಅಪಾಯ ಸ್ವಲ್ಪ ಇದೆ. ಮುಂಬೈನ ಡಾ. ಶಿರೋಡ್ಕರ್ 1955ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಹೆಮ್ಮೆಯ ವಿಷಯ ಅಲ್ವಾ?

ಹಿಂದೆ ತೊಂದರೆಯಿಲ್ಲ, ಹೊಟ್ಟೆಯಲ್ಲಿ ಒಂದೇ ಮಗು, ಸ್ಕ್ಯಾನಿನಲ್ಲಿ ಮಾತ್ರ ಬಾಯಿಯ ಉದ್ದ 25 ಮಿ.ಮೀ.ಗಿಂತ ಕಡಿಮೆ ಕಂಡಿದೆ ಅಂದರೆ ಸಾಮಾನ್ಯವಾಗಿ ಪ್ರೊಜೆಸ್ಟೆರಾನ್ ಮೊದಲು. ಗರ್ಭ ನಿಲ್ಲಲು ನೆರವಾಗುವ ಹಾರ್ಮೋನ್, ರಾತ್ರಿ ಯೋನಿಯೊಳಗೆ ಇಡುವ ಮಾತ್ರೆ ಅದು, ಆಪರೇಷನ್ ಇಲ್ಲ. ಬಾಯಿ ಆಗಲೇ ತೆರೆದಿದ್ದರೆ ಇದನ್ನೊಂದೇ ನಂಬಿ ಕೂರಬೇಡಿ, ಅಂದೇ ವೈದ್ಯರನ್ನು ಕಾಣಿ.

ಯಾವುದನ್ನೇ ಆರಿಸಿದರೂ ತಿಂಗಳುಗಟ್ಟಲೆ ಸುಮ್ನೆ ಮಲಗಿದರೆ ಲಾಭವಿಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯವೇ ಜಾಸ್ತಿ.