ಬಸರಾಗೂಕಿಂತ ಮೊದ್ಲಿನ ಕೌನ್ಸೆಲಿಂಗ್, ವಿಜಯಪುರ: ಗಂಡನ್ನೂ ಕರ್ಕೊಂಡ ಹೋಗ್ರಿ

ಸ್ಟೇಷನ್ ರೋಡ್ ಕಡೆ ಇರೋ ಈ ಕ್ಲಿನಿಕ್‌ನಾಗ ಮಕ್ಕಳು ಬೇಕು ಅಂತ ಪ್ಲಾನ್ ಮಾಡೋರಿಗೆ ಬ್ಯಾರೆನ ಕೌನ್ಸೆಲಿಂಗ್ ಇಟ್ಟಾರ. ನಮ್ಮ ಕಡೆ ಉಪಚಾರ ಶುರು ಆಗೂದ ಬಸರಾದ ಮ್ಯಾಲೆ ನೋಡ್ರಿ, ತಾಯಿ ಕಾರ್ಡ್ ಆಗ್ಲಿ ಅಂಗನವಾಡಿ ಊಟ ಆಗ್ಲಿ, ಬಯಕಿ ಊಟ, ಕುಬಸ, ತವರಿನ ಬುತ್ತಿ ಎಲ್ಲಾ ಆಮ್ಯಾಲಿಂದು. ಅದಕ್ಕೂ ಮೊದ್ಲು ಆ ಹೆಣ್ಮಗಳಿಗೆ ನಿದ್ದಿ ಆಗ್ತದೋ ಇಲ್ಲೋ, ಮನ್ಯಾಗ ಯಾರ ಬಾಯಿಗೆ ಅಂಜಿ ಇರ್ತಾಳೋ, ಯಾರೂ ಕೇಳಂಗಿಲ್ಲ. ಇಲ್ಲಿ ಕೇಳಿದ್ರು, ಅದಕ್ಕ ಬರೀಲಾಕತ್ತೀನಿ.

ನಾವು ರಿಪೋರ್ಟ್ ಫೈಲ್ ಮುಂದಿಟ್ರ ಕೌನ್ಸೆಲಿಂಗ್ ಮಾಡೋ ಮೇಡಂ ಅದನ್ನ ಬಾಜೂಕ ಸರಿಸಿ "ಮುಂಜಾನಿಂದ ರಾತ್ರಿ ತನಕ ಏನೇನ್ ಮಾಡ್ತೀ ಹೇಳವಾ" ಅಂದ್ರು. ನಳ ಬರೂ ದಿನ ನಡುರಾತ್ರಿ ಎದ್ದು ನೀರು ತುಂಬೂದು, ಮತ್ತ ನಿದ್ದಿ ಹತ್ತಂಗಿಲ್ಲ, ರೊಟ್ಟಿ ಬಡದು ಸಾಲಿಗೆ ಓಡೂದು (ನಾನು ಸೈನ್ಸ್ ಟೀಚರ್), ಸಂಜಿಗೆ ಬಂದ್ರ ಮತ್ತ ಅಡಗಿ, ಎಲ್ಲಾರದೂ ಉಂಡಾದ ಮ್ಯಾಲೆ ನಂದು ಊಟ ಅಂತ ಹೇಳಿದೆ. ಚೀಟಿ ಮ್ಯಾಲೆ ಫೋಲಿಕ್ ಆಸಿಡ್ (ಒಂದು ಥರದ ಬಿ ವಿಟಮಿನ್) ಗುಳಿಗಿ ಬರದ್ರು, ಅದರ ಕೆಳಗ "ರಾತ್ರಿ ನೀರು: ಗಂಡ" ಅಂತ ಬರದು ಚೀಟೀನ ನಮ್ಮ ಮನಿಯವ್ರ ಕೈಯಾಗ ಕೊಟ್ರು. ಈಗ ಅವ್ರ ಎದ್ದು ತುಂಬ್ತಾರ, ನಾನು ಮಲಗ್ತೀನಿ.

ಫೋಲಿಕ್ ಆಸಿಡ್ ದಿನಕ್ಕ 400 ಮೈಕ್ರೊಗ್ರಾಂ, ಗರ್ಭ ನಿಲ್ಲೂಕಿಂತ ಒಂದು ತಿಂಗಳ ಮೊದ್ಲಿಂದಾದ್ರೂ ತಗೋಬೇಕಂತ. ಕೂಸಿನ ಮಿದುಳು, ಬೆನ್ನುಹುರಿ ಆಗೂ ನಳಿಗಿ ಗರ್ಭ ನಿಂತ 28 ದಿನದೊಳಗ ಮುಚ್ಕೊಂಡಿರ್ತದ, ಅಷ್ಟೊತ್ತಿಗೆ ಭಾಳ ಮಂದಿಗೆ ಬಸರಾಗೀನಿ ಅಂತ ಗೊತ್ತೂ ಆಗಿರಂಗಿಲ್ಲ. ಹಿಮೋಗ್ಲೋಬಿನ್ನೂ ನೋಡಿದ್ರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್) ಪ್ರಕಾರ ಕರ್ನಾಟಕದಾಗ 15ರಿಂದ 49 ವಯಸ್ಸಿನ ಹೆಣ್ಮಕ್ಕಳೊಳಗ ನೂರಕ್ಕ ಸುಮಾರು 48 ಮಂದಿಗೆ ರಕ್ತ ಕಡಿಮಿ, ಅಂದ್ರ ಇದು ಮನಿಮನಿ ಕತಿ.

ನಂಗ ಭಾಳ ಹಿಡಿಸಿದ್ದು ಟೆನ್ಷನ್ ವಿಷಯ ಹೇಳಿದ್ದು. ಹೆಣ್ಮಗಳ ಅಂಡಾಣುಗಳು ಆಕಿ ತನ್ನ ತಾಯಿ ಹೊಟ್ಯಾಗ ಇರೂಮುಂದನ ಆಗಿರ್ತಾವ, ಆಮ್ಯಾಲೆ ಆಕಿ ಉಂಡಿದ್ದು ಅತ್ತಿದ್ದು ಎಲ್ಲಾ ಕಾಲ ಅವೂ ಒಳಗ ಇರ್ತಾವ. ಮನಿಗೆ ಬಂದು ಹುಡುಕಿ ಓದಿದೆ. ಇಸ್ರೇಲಿನ ಹೈಫಾ ಯೂನಿವರ್ಸಿಟಿಯವ್ರು ಹರೇದ ಹೆಣ್ಣಿಲಿಗಳಿಗೆ ಗರ್ಭಕ್ಕ ಮೊದಲ ಒತ್ತಡ ಕೊಟ್ಟು ನೋಡಿದ್ರ, ಒತ್ತಡಕ್ಕ ಸಂಬಂಧಪಟ್ಟ ಸಿಆರ್‌ಎಫ್1 ಅನ್ನೋ ಜೀನಿನ ಕೆಲಸ ಅಂಡಾಣುದಾಗನ ಬದಲಾಗಿತ್ತು, ಮರಿಗಳ ಮಿದುಳಿನಾಗೂ ನಡವಳಿಕ್ಯಾಗೂ ಫರಕ್ ಕಂಡಿತ್ತು (2013). ಅಮೆರಿಕದ ಟಫ್ಟ್ಸ್ ಯೂನಿವರ್ಸಿಟಿಯವ್ರು 2009ರಾಗ ತಿರುಗಿಸಿ ನೋಡ್ಯಾರ, ಹುಟ್ಟಿನಿಂದನ ನೆನಪಿನ ದೋಷ ಇದ್ದ ಎಳೇ ಇಲಿಗಳನ್ನ ಆಟದ ಸಾಮಾನು, ಓಡಾಡಾಕ ಜಾಗ, ಜೊತಿಗಾರರು ಇರೂ ಪಂಜರದಾಗ ಎರಡು ವಾರ ಬಿಟ್ರ ಮುಂದ ಅವಕ್ಕ ಹುಟ್ಟಿದ ಮರಿಗಳ ನೆನಪಿನ ಶಕ್ತಿ ಸುಧಾರಿಸಿತ್ತು, ಆ ಮರಿಗಳನ್ನ ಬ್ಯಾರೆ ತಾಯಿ ಸಾಕಿದ್ರೂ. ಓದಿ ನಾನು ಸುಮ್ಮನ ಕೂತುಬಿಟ್ಟೆ.

ಇದು ಇಲಿಗಳದ್ದು, ಮನಷ್ಯಾರಿಗೂ ಹಂಗಹಂಗ ಅಂತ ತಿಳಕೋಬ್ಯಾಡ್ರಿ ಅಂತ ಮೇಡಂ ಒತ್ತಿ ಹೇಳಿದ್ರು, ಅದು ಭಾಳ ಚಲೋ ಆತು, ಇಲ್ಲಾಂದ್ರ ಕೂಸು ಹಠ ಮಾಡಿದ್ರೂ ತಾಯಿ ಮ್ಯಾಲನ ಹಾಕ್ತಾರ ನಮ್ಮ ಮಂದಿ. ಹುಟ್ಟಿದ ಮ್ಯಾಲಿನ ಅಕ್ಕರಿನೂ ಅಷ್ಟ ದೊಡ್ಡದು. ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟ್ಯಾಗ ಇಲಿ ಮರಿಗಳನ್ನ ಹೆಚ್ಚು ನೆಕ್ಕಿ ಸಾಕೋ ತಾಯಿ ಹತ್ರ ಬಿಟ್ರ, ಹೆತ್ತಾಕಿ ಎಂಥಾಕಿ ಇದ್ರೂ ಅವು ಒತ್ತಡ ತಡಕೊಳ್ಳೋವಾಗಿ ಬೆಳದಿದ್ದು.

ಒಂದ ಸ್ಟಾರ್ ಕಡಿಮಿ ಮಾಡೀನಿ. ಕೌನ್ಸೆಲಿಂಗ್ ರೂಮಿಗೆ ಬಾಗಲ ಇಲ್ರಿ, ಪರದೆ ಅಷ್ಟ. ಒಳಗ ಮೇಡಂ ಅತ್ತಿ-ಸೊಸಿ ನಡುವಿನ ವಿಷಯ ಕೇಳ್ತಾರ, ಅದು ಹೊರಗ ಕೂತೋರಿಗೆಲ್ಲಾ ಕೇಳಸ್ತದ, ನನ್ನ ಮುಂದಿನ ಹುಡುಗಿ, ತನ್ನ ಅತ್ತಿ ಹೊರಗ ಕೂತಾರಂತ ಬರೇ "ಹೂಂ ರೀ, ಎಲ್ಲಾ ಚಲೋ ಅದ ರೀ" ಅಂದು ಎದ್ದು ಬಂದ್ಲು. ಅಕಿಗೆ ಈ ಸೇವೆ ಮುಟ್ಟಲೇ ಇಲ್ಲ. ಡಯಟ್ ಚಾರ್ಟೂ ಇಂಗ್ಲಿಷಿನಾಗ ಅದ, ಓಟ್ಸ್, ಬ್ರೊಕೊಲಿ ಅಂತ. ಪುಂಡಿಪಲ್ಯ, ಮಡಕಿಕಾಳು, ಶೇಂಗಾ ಹಿಂಡಿ, ಅಗಸಿ ಚಟ್ನಿ ಕನ್ನಡದಾಗ ಬರದಕೊಟ್ರ ಮನ್ಯಾಗಿನ ಹಿರ್ಯಾರೂ ಓದ್ತಾರ.

ಸೋಮವಾರ ಗದ್ದಲ ಭಾಳ, ಬ್ಯಾರೆ ದಿನ ಹೋಗ್ರಿ. ಹಳೇ ಥೈರಾಯ್ಡ್, ಶುಗರ್ ರಿಪೋರ್ಟ್ ಇದ್ರ ಒಯ್ರಿ, ಮತ್ತ ಮಾಡಸೂ ಖರ್ಚು ಉಳೀತದ. ಅತ್ತಿಯಾರು ಜೊತಿಗೆ ಬರ್ತೀನಂದ್ರ ಮೊದ್ಲ ಫೋನ್ ಮಾಡಿ ಒಬ್ಬಾಕಿನ ಮಾತಾಡೂದದ ಅಂತ ತಿಳಸ್ರಿ, ಸ್ಕ್ಯಾನಿಂಗ್ ರೂಮಿನಾಗ ಕುಂಡ್ರಿಸಿ ಮಾತಾಡ್ತಾರ.